ಅಥಣಿಯ ರೈಲು, ಕುಡಚಿಯ ಕೀಮನ್

ಅಥಣಿಗೆ ರೈಲಿಲ್ಲ. ಬರುತ್ತದೆ ಎಂದು ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದ ಕೇಳುತ್ತ ಬಂದಿದ್ದೇನೆ. ಪ್ರತಿ ಚುನಾವಣೆಗೆ ಒಮ್ಮೆ ಭಾಷಣದಲ್ಲಿ ಬರುತ್ತದೆ, ಫಲಿತಾಂಶದ ಮಾರನೆಯ ದಿನ ಯಾರಿಗೂ ಹೇಳದೆ ಹೊರಟುಹೋಗುತ್ತದೆ. ಹೀಗಾಗಿ ಊರಿಗಿದ್ದ ಒಂದೇ ಒಂದು ರೈಲು ನಮ್ಮ ಮನೆಯ ಮೇಲಿನ ಖೋಲಿಯಲ್ಲಿತ್ತು. ಅದನ್ನು ತಂದವನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರನಾದ ನಾನು. ಅದಕ್ಕಾಗಿ ಯಾರೂ ನನಗೆ ಹಾರ ಹಾಕಲಿಲ್ಲ ಎಂಬ ಬೇಸರ ಇವತ್ತಿಗೂ ಇದೆ.

ಸ್ಮಾರ್ಟ್ ಫೋನು ನಮ್ಮ ಕಡೆ ಇನ್ನೂ ಹೊಸದಾಗಿದ್ದ ವರ್ಷಗಳ ಮಾತಿದು. ಎರಡು ಮಂಚದಷ್ಟು ಅಗಲದ ಪ್ಲೈವುಡ್ ಮೇಜು, ಅದರ ಮೇಲೆ ಮೊಟ್ಟೆಯಾಕಾರದ ಒಂದು ಹಳಿ, ಒಂದು ಬದಿಗೆ ರಟ್ಟಿನಲ್ಲಿ ಕತ್ತರಿಸಿದ ಸ್ಟೇಶನ್ನು. ಎಂಜಿನ್ನು ಅಂಗೈಗಿಂತ ತುಸು ಉದ್ದ. ಪುಣೆಯಲ್ಲಿದ್ದ ಕಾಲೇಜು ಗೆಳೆಯನೊಬ್ಬ ತಾನು ಹೊಸದು ಕೊಂಡಾಗ ಹಳೆಯದನ್ನು ನನಗೆ ಕೊಟ್ಟಿದ್ದ. ಅದರ ಹೊಟ್ಟೆಯಲ್ಲಿ ಹೆಬ್ಬೆರಳಿನಗಲದ ಒಂದು ಸರ್ಕ್ಯೂಟು, ಹೆಸರು ಸೌಂಡ್ ಡಿಕೋಡರ್. ಹಳಿಯ ಕರೆಂಟು ಗಾಲಿಗಳ ಮೂಲಕ ಅದಕ್ಕೆ ಹೋಗುತ್ತದೆ. ಮೋಟರನ್ನು ನಡೆಸುವುದೂ ಅದೇ, ಡೀಸೆಲ್ ಎಂಜಿನ್ನಿನ ಗುಡುಗುಡು, ಹಾರ್ನು, ಬ್ರೇಕಿನ ಕಿರುಗುಟ್ಟುವಿಕೆ ಎಲ್ಲವನ್ನೂ ಸಣ್ಣ ಸ್ಪೀಕರಿನಿಂದ ಹೊರಡಿಸುವುದೂ ಅದೇ. ಹಳಿಯನ್ನು ಮಾತ್ರ ನಾನೇ ಕೈಯಾರೆ ಹಾಕಿದ್ದೆ. ಇದನ್ನು ಬಂದವರಿಗೆಲ್ಲ ಎರಡೆರಡು ಸಲ ಹೇಳುತ್ತಿದ್ದೆ.

ತೊಂದರೆ ಒಂದೇ. ನಮ್ಮೂರಿನ ಧೂಳು, ಹೊಲದಲ್ಲಿ ಕಬ್ಬಿನ ಒಣಗರಿಯಾದ ರವದಿ ಸುಟ್ಟಾಗ ಹಾರಿಬರುವ ಕರಿಬೂದಿ ಎರಡೂ ಕಿಟಕಿಯಿಂದ ಬಂದು ಹಳಿಯ ಮೇಲೆ ಕೂಡುತ್ತಿದ್ದವು. ಕಣ್ಣು ಮಿಟುಕಿಸುವಷ್ಟು ಹೊತ್ತು ಗಾಲಿಗೆ ಕರೆಂಟು ತಪ್ಪಿದರೂ ಸಾಕು, ಡಿಕೋಡರ್ ಪ್ರಾಣ ಬಿಡುತ್ತಿತ್ತು. ಮರುಕ್ಷಣ ಜೀವ ಬಂದರೆ, ಬಿಟ್ಟಲ್ಲಿಂದ ಮುಂದುವರಿಯುತ್ತಿರಲಿಲ್ಲ. ಮುಂಜಾನೆ ಶೆಡ್ಡಿನಲ್ಲಿ ಎಂಜಿನ್ನು ಚಾಲೂ ಮಾಡಿದ ಹಾಗೆ ಮೊದಲಿನಿಂದ ಕೆಮ್ಮಿ, ನರಳಿ, ಹಾರ್ನು ಹೊಡೆದು ಹೊರಡುತ್ತಿತ್ತು. ಒಂದು ಸುತ್ತಿನಲ್ಲಿ ಏಳೆಂಟು ಸಲ ಈ ನಾಟಕ. ನೋಡಲು ಬಂದ ನೆರೆಯವರು ಎರಡನೆಯ ಸುತ್ತಿಗೇ ಚಹಾದ ಬಗ್ಗೆ ವಿಚಾರಿಸುತ್ತಿದ್ದರು.

ಆ ವರ್ಷ ನನ್ನ ಮಾವನಿಗೆ ಮಿರಜಿನಲ್ಲಿ ಕಣ್ಣಿನ ಪೊರೆಯ ಆಪರೇಶನ್ ಆಯಿತು. ಅವರು ಕುಡಚಿಯವರು, ರೈಲ್ವೆಯಲ್ಲಿ ಕೀಮನ್ ಆಗಿ ನಿವೃತ್ತರಾದವರು. ಕೀಮನ್ ಎಂದರೆ ದಿನಾ ತನ್ನ ಪಾಲಿನ ಹಳಿಗುಂಟ ಸುತ್ತಿಗೆ, ಬೋಲ್ಟು ಬಿಗಿಯುವ ಪಾನಾ ಹಿಡಿದು ನಡೆದು, ಎಲ್ಲಿ ಬೋಲ್ಟು ಸಡಿಲಾಗಿದೆ, ಎಲ್ಲಿ ಹಳಿ ಬಿರಿದಿದೆ ನೋಡುವವನು. ಅತ್ತೆ ತೀರಿಕೊಂಡ ಮೇಲೆ ತಮ್ಮನ ಮಗನ ಮನೆಯ ಮುಂದಿನ ಕಟ್ಟೆಯ ಮೇಲೆ ಒಂದು ಹಗ್ಗದ ಹೊರಸು ಹಾಕಿಕೊಂಡು ಇದ್ದರು. ನನ್ನ ಹೆಂಡತಿ ಅವರಿಗೆ ಒಬ್ಬಳೇ ಮಗಳು. ದಿನಕ್ಕೆ ಮೂರು ಸಲ ಕಣ್ಣಿಗೆ ಹನಿ ಹಾಕಬೇಕೆಂಬ ನೆಪ ಮಾಡಿ ಅವಳು ಅವರನ್ನು ಅಥಣಿಗೆ ಕರೆತಂದಳು. ಇನ್ನು ಮುಂದೆ ಇಲ್ಲೇ ಇರಲಿ ಎಂಬುದು ಅವಳ ಆಸೆ. ನನ್ನದೂ ತಕರಾರಿರಲಿಲ್ಲ.

ತಕರಾರಿದ್ದದ್ದು ಅವರದ್ದೇ. ಮಗಳ ಮನೆಯಲ್ಲಿ ಕೂತು ಉಣ್ಣುವುದು ಅವರ ಲೆಕ್ಕದಲ್ಲಿ ತಲೆ ತಗ್ಗಿಸುವ ಕೆಲಸ. ಮೊದಲ ಎರಡು ದಿನ ಒಂದೇ ರೊಟ್ಟಿ ಉಂಡು, ಕೈ ತೊಳೆದು, ಕುಡಚಿ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುತ್ತಿದ್ದರು. ಮೂರನೆಯ ದಿನ, ಏನಾದರೂ ತೋರಿಸೋಣವೆಂದು ಅವರನ್ನು ಮೇಲಿನ ಖೋಲಿಗೆ ಕರೆದುಕೊಂಡು ಹೋದೆ. ನಾನು ಎಂಜಿನ್ನಿನ ಗುಣಗಾನ ಮಾಡುತ್ತಿದ್ದರೆ ಅವರು ಅದರ ಕಡೆ ನೋಡಲೂ ಇಲ್ಲ. ಮೊಣಕಾಲೂರಿ, ಹೊಸ ಕಣ್ಣನ್ನು ಮೇಜಿನ ಅಂಚಿಗೆ ತಂದು, ಹಳಿಯನ್ನೇ ಉದ್ದಕ್ಕೂ ನೋಡಿದರು. ಅಷ್ಟರಲ್ಲಿ ಎಂಜಿನ್ನು ತಿರುವಿನಲ್ಲಿ ಸತ್ತು, ಕೆಮ್ಮಿ ಎದ್ದಿತು.

“ಹಳಿ ಛಲೋ ಅದಾವ್ರಿ ಮಾಂವಾರ, ಧೂಳಿಂದಷ್ಟ ತ್ರಾಸ,” ಎಂದೆ.

ಅವರು ನನ್ನ ಮುಖ ನೋಡಿದರು. “ಹೌದ್ರಿ ಮಾಸ್ತರ್ರ, ಧೂಳ ಇರಬೇಕ್ರಿ,” ಎಂದರು.

ಮಾರನೆಯ ಮುಂಜಾನೆ ಮಗಳ ಹತ್ತಿರ ಒಂದು ಹಳೆಯ ಅರಿವೆ ಕೇಳಿ ಇಸಿದುಕೊಂಡು ಮೇಲೆ ಹೋದರು. ನನ್ನ ಸ್ಪಿರಿಟ್ಟಿನ ಬಾಟಲಿಯಿಂದ ನಾಲ್ಕು ಹನಿ ಹಾಕಿ, ಬೆರಳಿಗೆ ಅರಿವೆ ಸುತ್ತಿ, ಇಂಚಿಂಚಾಗಿ ಇಡೀ ಹಳಿಯನ್ನು ಒರೆಸಿದರು. ಆ ದಿನ ಎಂಜಿನ್ನು ಒಂದು ಸುತ್ತಿಗೆ ಎರಡೇ ಸಲ ಸತ್ತಿತು. ಅಂದಿನಿಂದ ಅದು ಅವರ ಡ್ಯೂಟಿ. ಮುಂಜಾನೆ ಹನಿ ಹಾಕಿಸಿಕೊಂಡು ಮೇಲೆ ಹೋದರೆ ಊಟದ ಹೊತ್ತಿಗೇ ಇಳಿಯುವುದು. ಬಾಗಿಲಲ್ಲಿ ನಿಂತು, “ಲೈನ್ ಕ್ಲಿಯರ್ ಐತ್ರಿ ಮಾಸ್ತರ್ರ,” ಎಂದು ವರದಿ ಒಪ್ಪಿಸಿ, ಆಮೇಲೆ ಎಲೆಯ ಮುಂದೆ ಕೂಡುತ್ತಿದ್ದರು. ಬಸ್ಸಿನ ಮಾತು ನಿಂತುಹೋಯಿತು.

“ಅಪ್ಪ ಇವತ್ತ ಎರಡ್ನೇ ರೊಟ್ಟಿ ತಾನ ಕೇಳಿದ,” ಎಂದು ಹೆಂಡತಿ ಅಡಿಗೆಮನೆಯಿಂದ ಬಂದು ಪಿಸುಗುಟ್ಟಿದಳು. ನಾಲ್ಕು ವರ್ಷ ನನ್ನ ರೈಲನ್ನು ಕಸವೆಂದೇ ತಿಳಿದಿದ್ದವಳು, ಅದಕ್ಕೆ ಇನ್ನೇನಾದರೂ ಬೇಕೇ ಎಂದು ವಿಚಾರಿಸಿದ್ದು ಅದೇ ಮೊದಲು.

ಇಷ್ಟಕ್ಕೆ ಬುದ್ಧಿವಂತನಾದವನು ಸುಮ್ಮನಿರುತ್ತಿದ್ದ. ನಾನು ವಿಜ್ಞಾನದ ಮಾಸ್ತರ. ಎಷ್ಟು ಒರೆಸಿದರೂ ಆ ತಿರುವಿನಲ್ಲಿ ಎಂಜಿನ್ನು ಒಮ್ಮೆ ಸಾಯುತ್ತಲೇ ಇತ್ತು, ಅದು ನನಗೆ ಮರ್ಯಾದೆಯ ಪ್ರಶ್ನೆಯಾಯಿತು. ಪುಣೆಯ ಗೆಳೆಯನಿಗೆ ಫೋನು ಮಾಡಿದೆ. ಮೊದಲು ಹಳಿ ನೋಡು ಎಂದ. ಹಳಿಯ ಸುದ್ದಿ ತೆಗೆಯಬೇಡ ಎಂದೆ. ಹಾಗಾದರೆ ಡಿಕೋಡರಿಗೆ ಬ್ಯಾಕಪ್ ಮಾಡ್ಯೂಲ್ ಹಾಕು ಎಂದು ಎರಡು ಕಳಿಸಿದ. ಒಂದು ಸಾಕಲ್ಲ ಎಂದರೆ, “ಇನ್ನೊಂದು ನೀನು ಸುಡುವುದಕ್ಕೆ,” ಎಂದ.

ಸಾಲಾಗಿ ಜೋಡಿಸಿದ ಪುಟ್ಟ ಕೆಪಾಸಿಟರುಗಳು, ಹೊರಗೆ ಎರಡು ತಂತಿ, ಇಷ್ಟೇ ಅದು. ಹಳಿಯಲ್ಲಿ ಕರೆಂಟಿದ್ದಾಗ ತುಂಬಿಕೊಳ್ಳುತ್ತದೆ, ತಪ್ಪಿದಾಗ ಕೆಲವು ಸೆಕೆಂಡು ತನ್ನದನ್ನು ಕೊಟ್ಟು ಎಂಜಿನ್ನನ್ನು ನಡೆಸುತ್ತದೆ. ಕೆಪಾಸಿಟರಿನ ಪಾಠವನ್ನು ನಾನು ವರ್ಷವರ್ಷವೂ ಹುಡುಗರ ತಲೆಗೆ ತುಂಬಿದವನು, ಧನ ಋಣ ಅದಲುಬದಲಾದರೆ ಏನಾಗುತ್ತದೆಂದು ಬೋರ್ಡಿನ ಮೇಲೆ ಬರೆದು ಕೆಳಗೆ ಗೆರೆ ಎಳೆಸಿದವನು. ಅದಲುಬದಲಾಗಿಯೇ ಬೆಸುಗೆ ಹಾಕಿದೆ. ಟಪ್ ಎಂದಿತು. ಖೋಲಿಯ ತುಂಬ ಸುಟ್ಟ ವಾಸನೆ.

ಎರಡನೆಯದನ್ನು ತೆಗೆದುಕೊಂಡು, ಪಂಪಿನ ಮೋಟರುಗಳಿಗೆ ವೈಂಡಿಂಗ್ ಮಾಡುವವನ ಅಂಗಡಿಗೆ ಹೋದೆ. ಅವನು ಏಳನೆಯ ಇಯತ್ತೆಗೆ ಸಾಲೆ ಬಿಟ್ಟವನು. “ಕಂಡೆನ್ಸರ್ ಬೇಕೇನ್ರಿ ಸರ? ಎರಡ ಫೇಸಿನ್ಯಾಗ ಮೂರ ಫೇಸಿನ ಮೋಟರ್ ಓಡಸ್ತೇವಿ, ಇದೇನ್ ದೊಡ್ಡದ್ರಿ?” ಎಂದು ಬಾವಿಯ ಪಂಪಿನ ಕಂಡೆನ್ಸರೊಂದನ್ನು, ಅಂದರೆ ಕೆಪಾಸಿಟರನ್ನೇ, ತೆಗೆದು ಮುಂದಿಟ್ಟ. ಅದು ನನ್ನ ಎಂಜಿನ್ನಿಗಿಂತ ದಪ್ಪವಿತ್ತು. “ಒಳಗ ಹಿಡೀಲಿಲ್ಲಂದ್ರ ಹಿಂದ ಒಂದ ಡಬ್ಬಿ ಹಚ್ಚಿ ಅದರಾಗ ಇಡ್ರಿ,” ಎಂದು ಉಪಾಯವನ್ನೂ ಹೇಳಿದ. ಕೊನೆಗೆ ನನ್ನ ಮಾಡ್ಯೂಲನ್ನೇ ಕೈಗೆ ತೆಗೆದುಕೊಂಡು, ತಿರುಗಿಸಿ ನೋಡಿ, ಯಾವ ತಂತಿ ಎಲ್ಲಿಗೆಂದು ನನ್ನಿಂದ ಎರಡು ಸಲ ಹೇಳಿಸಿಕೊಂಡು, ಭೂತಗನ್ನಡಿಯ ಕೆಳಗೆ ಸಾಸಿವೆಯಷ್ಟು ಬೆಸುಗೆ ಇಟ್ಟ. ಒಂದೇ ಸಲಕ್ಕೆ ಆಯಿತು.

ಸಂಜೆ ಮಾವನನ್ನು ಮೇಲೆ ಕರೆದೆ. ಎಂಜಿನ್ನು ಹತ್ತು ಸುತ್ತು ಹಾಕಿತು, ಒಮ್ಮೆಯೂ ಉಸಿರು ತಪ್ಪಲಿಲ್ಲ. ತಿರುವನ್ನು ಗುಡುಗುಡು ಎನ್ನುತ್ತಲೇ ದಾಟಿತು. ನನ್ನ ಹಮ್ಮು ಅಲ್ಲಿಗೇ ನಿಲ್ಲಲಿಲ್ಲ. ಓಡುತ್ತಿದ್ದ ಎಂಜಿನ್ನನ್ನು ಹಳಿಯಿಂದ ಎತ್ತಿ ಅಂಗೈ ಮೇಲೆ ಹಿಡಿದೆ. ಗಾಲಿ ತಿರುಗುತ್ತಿದ್ದವು, ಸದ್ದು ನಡೆದೇ ಇತ್ತು.

“ಹಳಿ ಇಲ್ಲದನ ಓಡತೈತೇನ್ರಿ?” ಎಂದರು ಅವರು.

“ಹಳಿ ಹೆಂಗಿದ್ರೂ ನಡೀತೈತ್ರಿ ಈಗ. ಇನ್ನ ಒರಸೂದ ಬ್ಯಾಡ್ರಿ ಮಾಂವಾರ. ಆರಾಮ ಕುಂಡರ್ರಿ.”

“ಛಲೋ ಆತ್ರಿ,” ಎಂದು ಅವರು ಹೆಗಲ ಮೇಲಿದ್ದ ಅರಿವೆ ತೆಗೆದು, ನಾಲ್ಕು ಮಡಿಕೆ ಮಾಡಿ, ಸ್ಪಿರಿಟ್ಟಿನ ಬಾಟಲಿಯ ಪಕ್ಕ ಇಟ್ಟರು. ನಾನು ಅದನ್ನು ಮೆಚ್ಚುಗೆ ಎಂದೇ ತಿಳಿದೆ.

ಮರುದಿನ ಮುಂಜಾನೆ ಚೀಲ ತುಂಬಿಕೊಂಡು ಪಡಸಾಲೆಯಲ್ಲಿ ನಿಂತಿದ್ದರು. ಕಣ್ಣು ಆರಾಮಾಗಿದೆ, ಹನಿ ತಾನೇ ಹಾಕಿಕೊಳ್ಳುತ್ತೇನೆ ಎಂದರು. ಮಗಳು ಜಗಳವಾಡಿದಳು, ಅತ್ತಳು. ಅವರು ಅವಳ ತಲೆಯ ಮೇಲೆ ಕೈಯಿಟ್ಟು, ಕುಡಚಿಯಲ್ಲಿ ಕೆಲಸವಿದೆ ಎಂದರು. ಅಲ್ಲಿ ಅವರಿಗಿದ್ದ ಕೆಲಸವೆಂದರೆ ಹೊರಸಿನ ಮೇಲೆ ಕೂಡುವುದು. ಬಸ್ಸು ಹತ್ತಿಸಿ ನಾನು ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

“ಅದನ್ನ ರಿಪೇರಿ ಮಾಡ್ರಿ ಅಂತ ನಿಮಗ ಯಾರ ಹೇಳಿದ್ರು?”

ಶಾಲೆಗೆ ಹೊತ್ತಾಯಿತು ಎಂದೆ. ಅಂದು ರವಿವಾರ.

ಮೂರು ವಾರ ನನ್ನ ರೈಲು ಯಾವ ಅಡೆತಡೆಯಿಲ್ಲದೆ ಓಡಿತು, ನೋಡುವವರೂ ಇಲ್ಲದೆ ಓಡಿತು. ಹಳಿಯ ಮೇಲೆ ಧೂಳು ಕೂತರೂ ಎಂಜಿನ್ನು ದೂರು ಹೇಳಲಿಲ್ಲ. ಮೊದಲಾದರೆ ತಿರುವಿನಲ್ಲಿ ಸಾಯುತ್ತಿತ್ತಾದ್ದರಿಂದ ಅಲ್ಲಿ ಅದಕ್ಕೆ ವೇಗವೇ ಬರುತ್ತಿರಲಿಲ್ಲ. ಈಗ ನಾನು ಪೂರ್ತಿ ವೇಗ ಕೊಡಲು ಕಲಿತಿದ್ದೆ. ಒಂದು ಮಧ್ಯಾಹ್ನ ಹಾರ್ನು ಹೊಡೆಯುತ್ತ ತಿರುವಿಗೆ ಬಂದದ್ದು ಹಳಿ ಬಿಟ್ಟು ಹಾರಿತು. ಹಳಿ ಬಿಟ್ಟ ಮೇಲೆ ಯಾವ ಎಂಜಿನ್ನಾದರೂ ಅಲ್ಲೇ ನಿಲ್ಲಬೇಕು. ಇದಕ್ಕೆ ಬ್ಯಾಕಪ್ ಇತ್ತಲ್ಲ. ಬರೀ ಪ್ಲೈವುಡ್ಡಿನ ಮೇಲೆ ಗುಡುಗುಡು ಎನ್ನುತ್ತ ನೆಟ್ಟಗೆ ಹೋಗಿ ಮೇಜಿನ ಅಂಚು ದಾಟಿ ನೆಲದ ಫರಸಿಯ ಮೇಲೆ ಬಿತ್ತು. ಬಿದ್ದ ಮೇಲೂ ಮಗ್ಗುಲಾಗಿ ಮಲಗಿ, ಗಾಲಿ ತಿರುಗಿಸುತ್ತ, ಹಾರ್ನು ಹೊಡೆಯಿತು. ಹೆಂಡತಿ ಓಡಿ ಮೇಲೆ ಬಂದಳು.

“ಇನ್ನ ಎಷ್ಟೊತ್ತ ಒದರತೈತಿ ಅದು?” ಎಂದಳಷ್ಟೆ.

ಅದು ಬಾಯಿ ಮುಚ್ಚಿದ ಮೇಲೆ ನಾನು ಮೊಣಕಾಲೂರಿ, ಕಣ್ಣನ್ನು ಮೇಜಿನ ಮಟ್ಟಕ್ಕೆ ತಂದು ನೋಡಿದೆ. ತಿರುವಿನ ಒಂದು ಜಾಯಿಂಟಿನಲ್ಲಿ ಹೊರಗಿನ ಹಳಿ ಉಗುರಿನಷ್ಟು ಎದ್ದಿತ್ತು. ಎರಡು ಹಳಿಗಳನ್ನು ಕೂಡಿಸುವ ಫಿಶ್‌ಪ್ಲೇಟೇ ಅಲ್ಲಿರಲಿಲ್ಲ. ಎಷ್ಟು ಒರೆಸಿದರೂ ಎಂಜಿನ್ನು ಅಲ್ಲೇ ಸಾಯುತ್ತಿದ್ದುದು ಇದರಿಂದ. ಹಳಿ ಹಾಕುವಾಗ ಒಂದು ಕಡಿಮೆ ಬಿದ್ದಿತ್ತು, ನಡೆಯುತ್ತದೆ ಎಂದು ಬಿಟ್ಟಿದ್ದೆ. ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ.

ಮುಂದಿನ ರವಿವಾರ ಕುಡಚಿಗೆ ಹೋದೆ. ಮಾವ ಹೊರಸಿನ ಮೇಲೆ ಕೂತಿದ್ದರು. ತಮ್ಮನ ಸೊಸೆ ಇಬ್ಬರಿಗೂ ಚಹಾ ಕೊಟ್ಟು ಒಳಗೆ ಹೋದಳು. ಮನೆಯ ಹಿಂದಿನ ಲೈನಿನಲ್ಲಿ ಒಂದು ಗೂಡ್ಸ್ ಗಾಡಿ ಹೋಗುವವರೆಗೂ ಕಾದು, “ಗಾಡಿ ಹಳಿ ತಪ್ಪಿ ಬಿತ್ರಿ ಮಾಂವಾರ,” ಎಂದೆ.

“ತಿರುವಿನ್ಯಾಗ,” ಎಂದರು ಅವರು. “ಹೊರಗಿನ ಹಳಿ. ಅಲ್ಲಿ ಫಿಶ್‌ಪ್ಲೇಟ್ ಇಲ್ರಿ.”

“ನಿಮಗ ಗೊತ್ತಿತ್ತೇನ್ರಿ?”

“ಮೊದಲ್ನೇ ದಿನಾನ ನೋಡಿದ್ದೆ.”

“ಮತ್ತ ಯಾಕ ಹೇಳಲಿಲ್ರಿ?”

ಅವರು ಕಪ್ಪಿನ ಚಹಾವನ್ನು ಬಶಿಗೆ ಸುರುವಿಕೊಂಡರು. “ರೈಲ್ವೆದಾಗ ಮೂವತ್ತ ವರ್ಷ ಹೇಳೇನ್ರಿ. ಸಾಹೇಬ್ರ ಬೈದಾರ, ಆದ್ರೂ ಹೇಳೇನಿ. ಖರೇ ಮಗಳ ಮನ್ಯಾಗ ಉಣಕೋತ ಅಳಿಯನ ಹಳ್ಯಾಗ ತಪ್ಪ ತಗ್ಯಾಕ ನನಗ ಬಾಯಿ ಬರಲಿಲ್ರಿ.”

ನನಗೆ ತುಂಬಾ ನಾಚಿಕೆಯಾಯಿತು. ಆ ಮೂವತ್ತು ವರ್ಷದಲ್ಲಿ ಯಾವ ಸಾಹೇಬನೂ ಅವರ ಬಾಯಿ ಮುಚ್ಚಿಸಿರಲಿಲ್ಲ, ನಾನು ದಿನಕ್ಕೆರಡು ರೊಟ್ಟಿಯಲ್ಲಿ ಮುಚ್ಚಿಸಿದ್ದೆ.

ಅವರೇ ಸಮಾಧಾನ ಹೇಳಿದರು. “ಒಂದ ಜಾಯಿಂಟ್ ಅಂದ್ರ ಅರ್ಧಾ ತಾಸಿನ ಕೆಲಸ್ರಿ. ಅದಕ್ಕ ನಾ ಯಾಕ? ನೀವ ಮಾಡ್ತೀರಿ.”

“ಒಂದಲ್ರಿ,” ಎಂದೆ. “ನಾ ಹಾಕಿದ ಲೈನ ಪೂರಾ ತಪ್ಪ ಐತ್ರಿ. ನನಗ ಹಳಿ ಹಾಕಾಕ ಬರೂದಿಲ್ಲ. ಎಲ್ಲಾ ಕಿತ್ತ ಮೊದಲಿಂದ ಹಾಕಬೇಕು.”

“ನಾ ಹಂಗ ಅಂದಿಲ್ಲ ಮತ್ತ.”

“ನಾನ ಅನ್ನಾಕತ್ತೇನ್ರಿ.”

ಅವರು ಚಹಾ ಮುಗಿಸಿ ಬಶಿಯನ್ನು ಕೆಳಗಿಟ್ಟರು. “ಎಲ್ಲಾ ಕೀಳೂದಂದ್ರ ಮಳಿಗಾಲ ಮುಗಿಯೂತನಕ ಹಿಡೀತೈತ್ರಿ ಮಾಸ್ತರ್ರ,” ಎಂದರು, ಬೈಯುವ ದನಿಯಲ್ಲಿ.

“ಹಿಡೀಲ್ರಿ,” ಎಂದೆ.

ಅವರು ಬಗ್ಗಿ, ಹೊರಸಿನ ಕೆಳಗೆ ಕೈಯಾಡಿಸಿ ಚಪ್ಪಲಿ ಹುಡುಕತೊಡಗಿದರು.