ಹಾಸು ತೀರದ ಮಗ್ಗ

ಮಗ್ಗ ನನ್ನ ಅಪ್ಪ ಕೊಟ್ಟದ್ದು. ಮದುವೆಯಲ್ಲಿ ಬಂಡಿಗೆ ಹೇರಿಸಿ ನನ್ನ ಜೊತೆ ನಾರಾಯಣಪೇಟೆಗೆ ಕಳಿಸಿದ. ಗಂಡನಿಗೆ ನೇಯ್ಗೆ ಎಂದರೆ ಬೇಸರ. ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತು ಸೀರೆ ನೇಯ್ದವಳು, ಮನೆಗೆ ಅನ್ನ ಹಾಕಿದವಳು ನಾನು.

ಪೊಲೀಸ್ ಆಕ್ಷನ್ ಆದ ಮರುವರ್ಷ ಅವನಿಗೆ ಗದ್ವಾಲದಲ್ಲಿ ಜಟಕಾ ಹೊಡೆಯುವ ಹುಚ್ಚು ಹತ್ತಿತು. ಮಗ್ಗ ಮಾರಿ ಕುದುರೆ ತರುತ್ತೇನೆ ಎಂದ. ಕೊಡುವುದಿಲ್ಲ ಎಂದೆ. ನವಾಬರ ಆಳ್ವಿಕೆ ಹೋಗಿ ರಾಜ್ಯವೇ ಬದಲಾಗಿದೆ, ಹೆಂಗಸಿನ ಮಾತಿಗೂ ಬೆಲೆ ಬಂದಿರಬಹುದು ಎಂದುಕೊಂಡೆ. ಊರಲ್ಲಿ ಎಲ್ಲರೂ ಗಂಡನ ಗುರುತಿನವರು, ಅದಕ್ಕೆ ಮಕ್ತಲ್‌ಗೆ ಹೋದೆ. ಕಚೇರಿ ಮುಂದಿನ ಬೇವಿನ ಮರದ ಕೆಳಗೆ ಅರ್ಜಿ ಬರೆಯುವ ಮುದುಕ ಕೂತಿದ್ದ.

"ಮಗ್ಗ ನಂದೈತ್ರಿ. ಗಂಡ ಮಾರಬಾರದು ಅಂತ ಬರೀರಿ."

"ಮದುವಿ ಆದ ಮ್ಯಾಲ ನಿಂದು ಅಂತ ಏನೈತವ್ವ? ಗಂಡ ಹೆಂಡ್ತಿ ಅಂದ್ರ ಒಂದಽ ಜೀವ."

"ಒಂದಽ ಅಂದ್ರ, ನಾ ಒಲ್ಲೆ ಅಂದ್ರ ಅವನೂ ಒಲ್ಲೆ ಅಂದಂಗಾತಲ್ರಿ. ಹಂಗಽ ಬರೀರಿ."

ಮುದುಕ ನಕ್ಕು ಎಲೆಯಡಿಕೆ ಉಗುಳಿದ. "ಆ ಒಂದು ಅಂದ್ರ ಗಂಡನ್ನಽ ಎಣಸ್ತಾರವ್ವ, ನಿನ್ನಲ್ಲ."

ಬರೆಯಲಿಲ್ಲ. ದಾರಿಯುದ್ದಕ್ಕೂ ಬೈದುಕೊಂಡು ಬಂದೆ.

ಮನೆಯಲ್ಲಿ ಮಗ್ಗ ಕೊಳ್ಳಲು ಧನ್ವಾಡದ ನೇಕಾರನೊಬ್ಬ ಬಂದಿದ್ದ. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಇತ್ತು. ಅವನು ಹಾಸು, ಅಂದರೆ ಉದ್ದದ ಎಳೆಗಳನ್ನು, ನೋಡಿ ಕೈ ಹಿಂದೆಳೆದುಕೊಂಡ. ಹಾಸು ಇರುವ ಮಗ್ಗವನ್ನು ನಮ್ಮವರು ಕೀಳುವುದಿಲ್ಲ. ಉಣ್ಣುವವರ ಮುಂದಿನ ತಾಟು ಎಳೆದಂತೆ ಅದು.

"ಹಾಸು ತೀರಲಿ ಅಣ್ಣಾ, ಆಮ್ಯಾಲ ಒಯ್ತೀನಿ," ಎಂದು ಗಂಡನಿಗೆ ಹೇಳಿ ಹೋದ.

ನನಗೆ ಅಷ್ಟು ಸಾಕಾಯಿತು. ಹಾಸು ತೀರುತ್ತ ಬಂದಾಗ ಕೊನೆಯ ಗೇಣುದ್ದ ಎಳೆಗಳನ್ನು ಮಗ್ಗದಲ್ಲೇ ಬಿಟ್ಟು, ಒಂದೊಂದಕ್ಕೂ ಹೊಸ ಎಳೆ ಹೊಸೆದು ಕೂಡಿಸಿದೆ. ಎಲ್ಲ ನೇಕಾರರೂ ಮಾಡುವ ಕೆಲಸವೇ. ನಾನು ಎಂದೂ ತಡ ಮಾಡಿ ಮಗ್ಗ ಬರಿದಾಗಲು ಬಿಡಲಿಲ್ಲ, ಅಷ್ಟೇ. ಜ್ವರ ಬಂದಾಗಲೂ, ಹೊಟ್ಟೆಯಲ್ಲಿ ಮಗಳಿದ್ದಾಗಲೂ. ಧನ್ವಾಡದವನು ಮತ್ತೆ ಬಂದ, ನೋಡಿದ, ನೀರು ಕುಡಿದು ಹೋದ.

"ಇದು ಎಂದ ಮುಗಿತೈತೇ?" ಎಂದು ಗಂಡ ರೇಗಿದ.

"ನೇಯಾಕತ್ತೀನಲ್ಲ. ಅವಸರ ಇದ್ರ ನೀವಽ ಕೂತು ನೇಯ್ರಿ."

"ಕತ್ತರಿ ಹಾಕಿಬಿಡ್ತೀನಿ ನೋಡು!"

"ಹಾಕ್ರಿ. ತಡೀರಿ, ಓಣಿ ಮಂದೀನ ಕರೀತೀನಿ. ಅವರೂ ನೋಡ್ಲಿ."

ಹಾಕಲಿಲ್ಲ. ಎಷ್ಟೆಂದರೂ ಅವನೂ ನೇಕಾರನ ಮಗ.

ಕೊನೆಗೆ ಗದ್ವಾಲಕ್ಕೆ ಹೋಗಿ ಬೇರೆಯವರ ಜಟಕಾ ಹೊಡೆದ. ಹಬ್ಬಕ್ಕೆ ಬಂದಾಗಲೆಲ್ಲ ಕಾಲು ತೊಳೆಯುವ ಮೊದಲು ಮಗ್ಗದ ಕಡೆ ನೋಡುತ್ತಿದ್ದ. ಹಾಸು ಇರುತ್ತಿತ್ತು.