ಅಂಜಿದವನ ಮನೆಗೆ ಚೆಂಡು

ಮೊನ್ನೆ ಹೊಸ ಚಪ್ಪಲಿ ಕಚ್ಚುತ್ತವೆಂದು ಔಡಲೆಣ್ಣೆ ಸವರುತ್ತ ಕೂತಿದ್ದೆ. ತೊಗಲೂ ಎಣ್ಣೆಯೂ ಕೂಡಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಡ್ರಿಲ್ ಮಾಸ್ತರರು ನೆನಪಾದರು…

ಆಗ ನಿಜಾಮರ ಕಾಲ. ಆಳಂದದ ನಮ್ಮ ಶಾಲೆಗೆ ಇದ್ದದ್ದು ಒಂದೇ ಫುಟ್‌ಬಾಲು. ಆಟ ಮುಗಿದ ಮೇಲೆ ಅದನ್ನು ಒಬ್ಬ ಹುಡುಗ ಮನೆಗೊಯ್ದು, ಒರೆಸಿ, ಎಣ್ಣೆ ಹಚ್ಚಿ ಮರುದಿನ ತರಬೇಕು. ಆ ಭಾಗ್ಯ ಗೋಲು ಹೊಡೆದವನದಲ್ಲ. ಅಂದಿನ ಆಟದಲ್ಲಿ ಯಾರು ಅಂಜಿದನೋ, ಚೆಂಡು ಅವನ ಮನೆಗೆ. ಇದೆಲ್ಲಿಯ ನ್ಯಾಯವಪ್ಪಾ ಎಂದು ಉಳಿದವರಿಗೆ ಹೊಟ್ಟೆಯುರಿ. ಚೆಂಡಿನ ಆಸೆಗೆ ನಮ್ಮ ಫಾರ್ವರ್ಡ್ ಒಬ್ಬ ಬೇಕಂತಲೇ ಅಂಜಿದಂತೆ ಮಾಡಿ ಗೋಲು ತಪ್ಪಿಸಿದ, ಭೂಪ! ಮಾಸ್ತರರು ಅವನ ಕಿವಿ ಹಿಂಡಿ ನಕ್ಕರು. ಚೆಂಡು ಮಾತ್ರ ಕೊಡಲಿಲ್ಲ.

ನಾನು ಗೋಲ್‌ಕೀಪರ್. ಅಫಜಲಪುರದವರು ನಮ್ಮಲ್ಲಿಗೆ ಆಡಲು ಬಂದಾಗ, ಮೆಲ್ಲಗೆ ಉರುಳಿ ಬಂದ ಚೆಂಡು ನನ್ನ ಕಾಲುಗಳ ನಡುವೆ ನುಸುಳಿಹೋಗಿ ನಾವು ಸೋತೆವು. ನೆರೆದವರೆಲ್ಲ ನಕ್ಕರು. ಇನ್ನು ಗೋಲಿನಲ್ಲಿ ನಿಲ್ಲುವುದೇ ಇಲ್ಲವೆಂದು ಹಟ ಹಿಡಿದು ಬೇವಿನ ಮರದ ಹಿಂದೆ ಅಳುತ್ತ ಕೂತೆ. ಮಾಸ್ತರರು ಬೈಯಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ಚೆಂಡನ್ನು ತಂದು ನನ್ನ ತೊಡೆಯ ಮೇಲಿಟ್ಟರು.

“ತಮ್ಮಾ, ನೀ ಇದಕ್ಕ ಅಂಜಾಕತ್ತಿ. ಮನಿಗಿ ಒಯ್ಯಿ. ಎಣ್ಣಿ ಹಚ್ಚು, ಬಾಜೂಕ ಇಟ್ಕೊಂಡು ಮಲಗು. ಸಲಿಗಿ ಆದ್ರ ಅಂಜಿಕಿ ಹೋಗ್ತದ.”

ತೊಗಲನ್ನು ಹಾಸಿಗೆಗೆ ತಂದೆನೆಂದು ಅವ್ವ ಬಾಯಿಗೆ ಬಂದಂತೆ ಬೈದಳು. ನಾನು ಬಿಡಲಿಲ್ಲ. ಅದರ ಹೊಲಿಗೆಯ ಮೇಲೆ ಬೆರಳಾಡಿಸುತ್ತಲೇ ನಿದ್ದೆ ಹೋದೆ. ಮರುದಿನ ಗೋಲಿಗೆ ಹೋಗಿ ನಿಂತೆ.

ಮರುವರ್ಷ ನಾವೇ ಅಫಜಲಪುರಕ್ಕೆ ಹೋದೆವು. ಆಟ ನಮ್ಮ ಚೆಂಡಿನಲ್ಲೇ. ಒಂದು ಗೋಲು ಮುಂದಿದ್ದೆವು. ಕೊನೆಗಳಿಗೆಯಲ್ಲಿ ಅವರಿಗೆ ಪೆನಾಲ್ಟಿ ಸಿಕ್ಕಿತು. ಸುಳ್ಳೇಕೆ ಹೇಳಲಿ, ಅಂಜಿಕೆ ಇನ್ನೂ ಇತ್ತು. ಆದರೂ ಚೆಂಡಿನ ಮೇಲಿನ ಕಣ್ಣು ಕೀಳಲಿಲ್ಲ. ಎಷ್ಟಂದರೂ ಗುರುತಿನದಲ್ಲವೇ! ಎದೆಗೆ ಬಡಿದದ್ದನ್ನು ಅಪ್ಪಿಕೊಂಡು ನೆಲಕ್ಕೆ ಬಿದ್ದೆ. ಗೆದ್ದೆವು.

ಹುಡುಗರೆಲ್ಲ ಕುಣಿಯುತ್ತಿದ್ದರು. ಮಾಸ್ತರರು ನನ್ನ ಹತ್ತಿರ ಬಂದು ಎರಡೂ ಕೈ ಚಾಚಿದರು. ಅವರ ಕಣ್ಣು ತುಂಬಿದ್ದವು.

“ಕೊಡಪ್ಪಾ, ಇವತ್ತ ಇದನ್ನ ನಾ ಒಯ್ತೇನಿ. ನೀ ನಿಂತಿದ್ದಿ. ನಾನೇ ಅಂಜಿ ಕಣ್ಣ ಮುಚ್ಕೊಂಡಿದ್ದೆ.”

ಆಮೇಲೆ ಅವರಿಗೆ ಜೇವರ್ಗಿಗೆ ಬದಲಿಯಾಯಿತು. ಇಷ್ಟು ವರ್ಷಗಳಲ್ಲಿ ಎಷ್ಟೋ ದೊಡ್ಡವರನ್ನು ಕಂಡೆ. ಹುಡುಗರ ಮುಂದೆ ‘ನಾನೂ ಅಂಜಿದ್ದೆ’ ಎಂದವರು ಇನ್ನೊಬ್ಬರು ಸಿಗಲಿಲ್ಲ. ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದೂ ತಡವಾಗಿ… ಮಣ್ಣಿಗೆ ಹೋಗಲಾಗಲಿಲ್ಲ. ಅದೊಂದು ಈಗಲೂ ಕರುಳು ಹಿಂಡುತ್ತದೆ.