ಈಳಿಗೆಗೆ ಸಿಕ್ಕ ಕಾದಂಬರಿ

ಇಷ್ಟವಾದ ಕಾದಂಬರಿಗಳನ್ನು ನಾನು ಓದಿ ಮುಗಿಸುವುದಿಲ್ಲ. ಇದನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಈಗ ಸಿಟ್ಟಿನಲ್ಲಿ ಹೇಳುತ್ತಿದ್ದೇನೆ. ಬೇಸರ ತರಿಸಿದ ಪುಸ್ತಕವನ್ನು ಬೆನ್ನುಡಿಯೂ ಬಿಡದಂತೆ ಓದುತ್ತೇನೆ. ಮನಸ್ಸಿಗೆ ಹತ್ತಿದ್ದನ್ನು ಮಾತ್ರ, ಇನ್ನು ಇಪ್ಪತ್ತು ಪುಟ ಇದೆ ಎನ್ನುವಾಗ, ಅಲ್ಲೊಂದು ಕಾಗದದ ಪಟ್ಟಿ ಇಟ್ಟು ಮುಚ್ಚಿಬಿಡುತ್ತೇನೆ. ಮತ್ತೆ ಓದಬೇಕೆನಿಸಿದರೆ ಮೊದಲಿನಿಂದ ಆ ಪಟ್ಟಿಯವರೆಗೆ.

ಅಂಥವು ನನ್ನಲ್ಲಿ ಐದಿವೆ. ಎಲ್ಲಕ್ಕೂ ಕಂದು ಕಾಗದದ ಹೊದಿಕೆ. ನಾನು ಏನು ಓದುತ್ತೇನೆಂಬುದು ಇನ್ನೊಬ್ಬರಿಗೆ ಸಂಬಂಧಪಟ್ಟ ವಿಷಯವಲ್ಲ. ಮೆಚ್ಚಿದ ಸಾಲಿನ ಕೆಳಗೆ ಗೆರೆ ಎಳೆಯುವುದಿಲ್ಲ. ಅಂಚಿನಲ್ಲಿ ಪೆನ್ಸಿಲಿನ ಒಂದು ಚುಕ್ಕೆ. ತೀರ ಮೆಚ್ಚಿದರೆ ಎರಡು. ಎರಡು ಚುಕ್ಕೆಗಳು ಅತಿ ಹೆಚ್ಚಿರುವ ಕಾದಂಬರಿಯ ಹೆಸರು ನಿಮಗೂ ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲೊಬ್ಬರು ಅದರ ಕೊನೆ ಹೇಳಿಬಿಡುತ್ತಾರೆ. ಅದರಲ್ಲಿ ನಾನು ಪಟ್ಟಿ ಇಟ್ಟ ಕಡೆ, ಗಂಡನ ಮನೆ ಬಿಟ್ಟ ಹೆಂಗಸೊಬ್ಬಳು ಟ್ರಂಕು ಹಿಡಿದು ರೈಲು ನಿಲ್ದಾಣದಲ್ಲಿ ನಿಂತಿದ್ದಾಳೆ. ಎರಡೂ ಕಡೆಯ ಗಾಡಿಗಳು ಬರುವುದಿದೆ. ಆರು ವರ್ಷದಿಂದ ಅವಳನ್ನು ಅಲ್ಲಿಯೇ ಬಿಟ್ಟಿದ್ದೆ. ಅವಳು ತಪ್ಪು ಗಾಡಿ ಹತ್ತಿದರೆ ಅದನ್ನು ನೋಡುವ ಧೈರ್ಯ ನನಗಿರಲಿಲ್ಲ.

ಹೋದ ತಿಂಗಳು ಜೇವರ್ಗಿ ಕಾಲೋನಿಯ ನಮ್ಮ ಮನೆಯ ಕಪಾಟಿನಲ್ಲಿ ಆ ಪುಸ್ತಕದ ಜಾಗ ಖಾಲಿಯಿತ್ತು.

"ಕಮಲಾಪುರದ ದೊಡ್ಡವ್ವ ಬಂದಿದ್ಳಲ್ಲ, ಓದಾಕ ಏನರೆ ಕೊಡು ಅಂದ್ಳು. ದಪ್ಪಂದು ನೋಡಿ ಕೊಟ್ಟೀನಿ" ಎಂದಳು ಅವ್ವ, ಕುಂಬಳಕಾಯಿ ಆರಿಸಿ ಕೊಟ್ಟವಳಂತೆ.

"ನನ್ನ ಕೇಳಬೇಕಿಲ್ಲೇನು?"

"ಓದಿದ್ದಾ ಐತಲ್ಲ? ಓದಿದ ಪುಸ್ತಕ ಇಟ್ಕೊಂಡು ಉಪ್ಪಿನಕಾಯಿ ಹಾಕ್ತೀ?"

ಇನ್ನೊಬ್ಬರ ಬಾಚಣಿಕೆ ಮುಟ್ಟಲು ಹಿಂಜರಿಯುವ ಜನ ಇನ್ನೊಬ್ಬರ ಪುಸ್ತಕವನ್ನು ಬಗಲಲ್ಲಿಟ್ಟುಕೊಂಡು ಹೊರಡುತ್ತಾರೆ. ಬಾಚಣಿಕೆಯಲ್ಲಿ ಸಿಗುವುದು ಕೂದಲು. ಪುಸ್ತಕದ ಅಂಚಿನಲ್ಲಿ ಸಿಗುವುದು ಏನೆಂದು ಯಾರೂ ಯೋಚಿಸುವುದಿಲ್ಲ. ಭಾನುವಾರ ಬೆಳಿಗ್ಗೆಯೇ ಕಮಲಾಪುರದ ಬಸ್ಸು ಹತ್ತಿದೆ.

ದೊಡ್ಡವ್ವನ ಪಡಸಾಲೆಯಲ್ಲಿ ಕೌದಿ ಹಾಸಿತ್ತು. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಕಿ ಮೂವರು ಮೂರು ಅಂಚಿಗೆ ಕೂತು ಹೊಲಿಯುತ್ತಿದ್ದರು: ದೊಡ್ಡವ್ವ, ಅವಳ ಸೊಸೆ ಸುನಂದಾ, ಪಕ್ಕದ ಮನೆಯ ಶಾಹೀನ್. ಒಬ್ಬೊಬ್ಬರ ಮಗ್ಗುಲಿಗೂ ಒಂದೊಂದು ತೆಳ್ಳನೆಯ ಪುಸ್ತಕ. ಒಂದರ ಮೇಲೆ ನನ್ನ ಕಂದು ಹೊದಿಕೆಯ ಅರ್ಧ ಇತ್ತು.

ನನ್ನ ಕಾದಂಬರಿಯನ್ನು ಈಳಿಗೆಯಿಂದ ಮೂರು ಪಾಲಾಗಿ ಕೊಯ್ದಿದ್ದರು. ಬೆನ್ನಿಗೆ ಕೌದಿಯ ಕೆಂಪು ದಾರದ ಹೊಲಿಗೆ.

"ಮೂರು ಮಂದಿ ಅದೀವಿ, ಪುಸ್ತಕ ಒಂದಾ" ಎಂದಳು ದೊಡ್ಡವ್ವ, ಸೂಜಿಯಿಂದ ಕಣ್ಣೆತ್ತದೆ. "ಒಬ್ಬಾಕಿ ಓದೋತನ ಉಳದವ್ರು ಬಾಯಿ ನೋಡಬೇಕೇನು? ಕೌದಿ ಹ್ಯಾಂಗ ಹೊಲೀತೀವಿ? ತಮ್ಮ ತಮ್ಮ ಅಂಚಿನಿಂದ ಹೊಲ್ಕೋತ ಬಂದು ನಡಕ ಕೂಡತೀವಿ. ಹಂಗಾ ಇದೂ. ಓದಿದ್ದು ಇಲ್ಲಿ ಕೂತು ಹೇಳ್ಕೋತೀವಿ."

ತಾಳೆಗರಿಯ ಕಾಲದಲ್ಲಿ ದಾರ ಬಿಚ್ಚಿದರೆ ಕಾವ್ಯವೂ ಬಿಡಿಬಿಡಿಯಾಗುತ್ತಿತ್ತೆಂದು ಎಂ.ಎ. ತರಗತಿಯಲ್ಲಿ ಕೇಳಿದ್ದೆ. ಆದರೆ ಅದಕ್ಕೆ ಯಾರೂ ಈಳಿಗೆ ಹಚ್ಚಿರಲಿಕ್ಕಿಲ್ಲ. ಎತ್ತಿ ನೋಡಿದರೆ ಮೊದಲ ಪಾಲು "ಅವಳು ಬಾಗಿಲ" ಎಂಬಲ್ಲಿ ಮುಗಿದಿತ್ತು. ವಾಕ್ಯದ ನಡುವೆ!

"ಕೊನಿ ಪಾಲು ನಂದು ಅಕ್ಕಾ" ಎಂದಳು ಶಾಹೀನ್ ಹುರುಪಿನಿಂದ. "ನಾ ಅಲ್ಲಿಂದಾ ಶುರು ಮಾಡೀನಿ. ಆಕಿ ಟೇಷನ್ದಾಗ ನಿಂತಾಳಲ್ಲ, ಆಮ್ಯಾಲ—"

"ಹೇಳಬ್ಯಾಡ!"

ಆ ಮನೆಯಲ್ಲಿ ನಾನು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಮೂರೂ ಸೂಜಿಗಳು ನಿಂತವು. ಶಾಹೀನ್ ನನ್ನನ್ನು ನೋಡಿ ಮೆಲ್ಲಗೆ ಅಂದಳು: "ನೀವು ಓದಿಲ್ಲ ಹೌದಿಲ್ಲ? ಆ ಕಾಗದದ ಪಟ್ಟಿ ಆದಮ್ಯಾಲ ಒಂದೂ ಚುಕ್ಕಿ ಇಲ್ಲ. ನನಗ ಆಗಲೇ ಅನುಮಾನ ಬಂದಿತ್ತು."

ಬಯಲಿನಲ್ಲಿ ನಿಂತಂತಾಯಿತು. ಯಾಕೆ ಓದಿಲ್ಲವೆಂದು ಕೇಳಿದರು. ಕಳ್ಳಿಯಂತೆ ಎಲ್ಲವನ್ನೂ ಒಪ್ಪಿಕೊಂಡೆ. ಸುನಂದಾ ನಗು ತಡೆಯಲು ಬಾಯಿಗೆ ಸೆರಗು ಒತ್ತಿಕೊಂಡಳು. ದೊಡ್ಡವ್ವ ಒತ್ತಿಕೊಳ್ಳಲಿಲ್ಲ.

"ಆರು ವರ್ಷ? ಆರು ವರ್ಷ ಆ ಹೆಣ್ಣಮಗಳನ್ನ ಟ್ರಂಕ್ ಹೊರಿಸಿ ನಿಂದರಿಸೀದಿ? ನಾ ಬರೇ ಹಾಳಿ ಕೊಯ್ದೀನಿ ಬೇ. ಆಕಿ ಕಾಲು ಏನಾಗಿರಬೇಕು!"

ಸಿಟ್ಟು ಇಮ್ಮಡಿಯಾಯಿತು. ಮೂರೂ ಪಾಲುಗಳನ್ನು ಕಸಿದು ಚೀಲಕ್ಕೆ ಹಾಕಿಕೊಂಡೆ. ದೊಡ್ಡವ್ವ ಅದರ ಮೇಲೆ ನಾಲ್ಕು ಕೆಂಪು ಬಾಳೆಹಣ್ಣು ಇಟ್ಟಳು. ಹಿಂದಕ್ಕೆ ಕೊಡುವಷ್ಟು ಸಿಟ್ಟು ಬರಲಿಲ್ಲ.

ಬಸ್ಸಿನಲ್ಲಿ ಸೀಟಿರಲಿಲ್ಲ. ಚೀಲ ಹೊತ್ತು ನಿಂತೇ ಬಂದೆ. ಅರ್ಧ ದಾರಿಗೆ ಕಾಲು ಸೋತವು. ಚೀಲ ಕೈ ಬದಲಾಯಿಸಿದಾಗಲೆಲ್ಲ ಆ ಟ್ರಂಕು ನೆನಪಾಯಿತು. ಆರು ವರ್ಷ ನಾನು ಅವಳನ್ನು ಕಾಪಾಡುತ್ತಿದ್ದೇನೆ ಅಂದುಕೊಂಡಿದ್ದೆ. ಕಪನೂರದಲ್ಲಿ ಕಾರ್ಖಾನೆಯವರೊಬ್ಬರು ಇಳಿದರು, ಕೂತೆ. ಕೂತವಳು ಮೂರನೆಯ ಪಾಲು ತೆಗೆದು ಪಟ್ಟಿ ಇದ್ದಲ್ಲಿಂದ ಓದತೊಡಗಿದೆ. ಜಗತ್ ಸರ್ಕಲ್ ಬರುವಷ್ಟರಲ್ಲಿ ಮುಗಿದಿತ್ತು. ಅವಳು ಯಾವ ಗಾಡಿ ಹತ್ತಿದಳೆಂದು ನಿಮಗೆ ಹೇಳುವುದಿಲ್ಲ. ಕೊನೆಯ ಪುಟದಲ್ಲಿ ಮೂರು ಚುಕ್ಕೆ ಇಟ್ಟಿದ್ದೇನೆ.

ದೊಡ್ಡವ್ವನ ಮೇಲಿನ ಸಿಟ್ಟು ಇಳಿದಿಲ್ಲ. ಸುನಂದಾ ಇನ್ನೂ ನಡುವಿನ ಪಾಲು ಮುಗಿಸಿಲ್ಲವೆಂದು ಫೋನ್ ಬಂದಿದೆ; ಬರುವ ಭಾನುವಾರ ಮೂರನ್ನೂ ತಿರುಗಿ ಒಯ್ಯುತ್ತೇನೆ. ಜೊತೆಗೆ ಉಳಿದ ನಾಲ್ಕರಲ್ಲಿ ಒಂದನ್ನು. ಅದನ್ನು ಮಾತ್ರ ನಾನೇ ಕೊಯ್ಯುತ್ತೇನೆ, ಅಧ್ಯಾಯ ಮುಗಿಯುವಲ್ಲಿ. ಕೊನೆಯ ಪಾಲು ನನ್ನದು.